ಮೂರು ವಿಮಾನ, ಹದಿನೈದು ತಿಂಗಳು: ಏರ್ ಪೆಗಾಸಸ್ ಯಾಕೆ ನಿಂತುಹೋಯಿತು?

ಗೋಕುಲ್ ರೋಡ್:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹುಬ್ಬಳ್ಳಿ ಏರ್‌ಪೋರ್ಟ್ ಹತ್ತಿರ. ವಿಮಾನ ಇಳಿಯುವ ಸದ್ದು ಕೇಳಿದರೆ ಇವತ್ತಿಗೂ ಟೆರೇಸಿಗೆ ಓಡುತ್ತೇನೆ. ಮೊನ್ನೆ ಬೀರು ಖಾಲಿ ಮಾಡುವಾಗ ಏರ್ ಪೆಗಾಸಸ್ ಬೋರ್ಡಿಂಗ್ ಪಾಸಿನ ಒಂದು ತುಂಡು ಸಿಕ್ಕಿತು. ಆ ನುಣುಪು ಕಾಗದದ ಮೇಲಿನ ಅಕ್ಷರ ಪೂರ್ತಿ ಮಾಸಿದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಸೀಟ್ ನಂಬರ್ ಮಾತ್ರ ಕಾಣುತ್ತದೆ. ಅದನ್ನು ನೋಡಿದಾಗಿನಿಂದ ಇದೇ ತಲೆಯಲ್ಲಿ ಕೂತಿದೆ.

2015ರ ಏಪ್ರಿಲ್ 12ರಂದು ಬೆಂಗಳೂರಿನಿಂದ ಹುಬ್ಬಳ್ಳಿಗೆ ಅದರ ಮೊದಲ ಹಾರಾಟ. 2016ರ ಜುಲೈ 27ಕ್ಕೆ ಎಲ್ಲ ಬಂದ್. ನಡುವೆ ಇದ್ದದ್ದು ಹದಿನೈದು ತಿಂಗಳು ಚಿಲ್ಲರೆ. ವಿಮಾನಗಳು ಮೂರು, ಮೂರೂ ಎಟಿಆರ್ 72. ಅಂದರೆ ರೆಕ್ಕೆಗೆ ಎರಡು ದೊಡ್ಡ ಫ್ಯಾನ್ ಇರುವ, ಸುಮಾರು 70 ಸೀಟಿನ ವಿಮಾನ. ಸಂಸ್ಥೆ ಬೆಂಗಳೂರಿನದು. ಅದರ ಹಿಂದೆ ಇದ್ದದ್ದು ಡೆಕೋರ್ ಏವಿಯೇಷನ್, ಏರ್‌ಪೋರ್ಟ್‌ಗಳಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್, ಅಂದರೆ ಲಗೇಜು ಏರಿಸಿ ಇಳಿಸುವಂಥ ನೆಲದ ಕೆಲಸ, ಮಾಡುತ್ತಿದ್ದ ಕಂಪನಿ.

ನಮ್ಮ ಕಡೆಯವರಿಗೆ ಅದು ಏನಾಗಿತ್ತು ಅಂತ ಹೇಳಬೇಕು. ಬೆಂಗಳೂರಿಗೆ ಹೋಗಬೇಕು ಅಂದರೆ ರಾತ್ರಿ ಬಸ್ಸು, ಇಲ್ಲವೇ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್. 400 ಕಿಲೋಮೀಟರ್ ದಾರಿ, ಒಂದು ರಾತ್ರಿ ನಿದ್ದೆ ಹಾಳು. ನಾನು ಹೋದ ದಿನ ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜ ಇದ್ದರು. ಮೊದಲ ಸಲ ವಿಮಾನ ಹತ್ತಿದವರು. ಎಟಿಆರ್‌ಗೆ ರೆಕ್ಕೆ ಮೇಲುಗಡೆ ಇರುವುದರಿಂದ ಕಿಟಕಿಯಲ್ಲಿ ನೆಲ ಪೂರ್ತಿ ಕಾಣುತ್ತದೆ. ದಾರಿಯುದ್ದಕ್ಕೂ ಅವರು ಗಾಜಿಗೆ ಹಣೆ ಒತ್ತಿಕೊಂಡೇ ಕೂತಿದ್ದರು. ಕೆರೆ ಕಂಡಾಗಲೆಲ್ಲ ನನ್ನ ಮೊಣಕೈ ಮುಟ್ಟಿ ತೋರಿಸುತ್ತಿದ್ದರು.

ನನ್ನ ಅನಿಸಿಕೆ ಇಷ್ಟು. ಜನ ಬರಲಿಲ್ಲ ಅಂತ ಅದು ಮುಚ್ಚಲಿಲ್ಲ. ಕಷ್ಟದ ಎರಡು ತಿಂಗಳು ತಡೆದುಕೊಳ್ಳುವಷ್ಟು ದುಡ್ಡು ಕೈಯಲ್ಲಿ ಇರಲಿಲ್ಲ, ಅದಕ್ಕೆ ಮುಚ್ಚಿತು. ನೀವೆಲ್ಲ ಏನಂತೀರಿ?

ಬಾಡಿಗೆ ಲೆಕ್ಕ:

ಸರ್, ನಾನು ಅಕೌಂಟ್ಸ್ ಕಡೆಯವನು. ನಿಮ್ಮ ಮಾತು ಸರಿ. ಆದರೆ ದುಡ್ಡು ಎಲ್ಲಿ ಸೋರುತ್ತದೆ ಅಂತ ಬಿಡಿಸಿ ಹೇಳಬೇಕು.

ಸಣ್ಣ ಸಂಸ್ಥೆಗಳು ವಿಮಾನ ಕೊಳ್ಳುವುದಿಲ್ಲ, ಲೀಸಿಗೆ ತರುತ್ತವೆ. ಮೊದಲೇ ಡೆಪಾಸಿಟ್ ಇಡಬೇಕು. ಆಮೇಲೆ ತಿಂಗಳು ತಿಂಗಳು ಬಾಡಿಗೆ. ಅದೂ ಡಾಲರ್‌ನಲ್ಲಿ. ಇದರ ಜೊತೆಗೆ ಎಂಜಿನ್ ಮುಂದೆ ದೊಡ್ಡ ರಿಪೇರಿಗೆ ಬಂದಾಗ ಬೇಕಾಗುತ್ತದೆ ಅಂತ, ಹಾರಿದ ಪ್ರತಿ ಗಂಟೆಗೂ ಇಷ್ಟು ಅಂತ ಮಾಲೀಕರ ಬಳಿ ಕಟ್ಟುತ್ತಾ ಹೋಗಬೇಕು. ಟಿಕೆಟ್ ದುಡ್ಡು ಬರುವುದು ರೂಪಾಯಿಯಲ್ಲಿ. ರೂಪಾಯಿ ಬಿದ್ದರೆ ಬಾಡಿಗೆ ತಾನಾಗಿಯೇ ಏರುತ್ತದೆ.

ಒಂದು ಅಂದಾಜು ಮಾಡೋಣ. ಇದು ಅವರ ಪುಸ್ತಕದ ಲೆಕ್ಕ ಅಲ್ಲ, ನನ್ನದು. ಸೀಟು 70, ಟಿಕೆಟ್ 2,500 ಅಂತ ಇಟ್ಟುಕೊಳ್ಳಿ. ತುಂಬಿ ಹಾರಿದರೆ 1,75,000 ರೂಪಾಯಿ. 50 ಜನ ಬಂದರೆ 1,25,000. ಒಂದು ವಿಮಾನ ದಿನಕ್ಕೆ ಎಂಟು ಸಲ ಹಾರಿದರೆ ಹತ್ತು ಲಕ್ಷ. ಇದೇ ವಿಮಾನ ರಿಪೇರಿಗೆ ಅಂತ ಹತ್ತು ದಿನ ನಿಂತರೆ ಒಂದು ಕೋಟಿ ಬರಲೇ ಇಲ್ಲ ಅಂತಾಯಿತು. ಇಂಧನ ಉಳಿಯುತ್ತದೆ, ಸರಿ. ಬಾಡಿಗೆ ಉಳಿಯುತ್ತದಾ? ಪೈಲಟ್ ಸಂಬಳ ಉಳಿಯುತ್ತದಾ? ಇಲ್ಲ.

ನೂರು ವಿಮಾನ ಇರುವವರಿಗೆ ಒಂದು ನಿಂತರೆ ನೂರರಲ್ಲಿ ಒಂದು ಪಾಲು. ಮೂರು ಇರುವವರಿಗೆ ಮೂರರಲ್ಲಿ ಒಂದು ಪಾಲು.

ವಿಮಾನ ನೋಡುವವ:

ಇಂಧನದ ಬಗ್ಗೆ ಒಂದು ಮಾತು. ಸಣ್ಣ ಸಂಸ್ಥೆ ಮುಚ್ಚಿದಾಗಲೆಲ್ಲ ‘ಇಂಧನ ದುಬಾರಿ ಆಯಿತು’ ಅಂತ ಹೇಳಿ ಮುಗಿಸಿಬಿಡುತ್ತಾರೆ. ಪೆಗಾಸಸ್ ವಿಷಯದಲ್ಲಿ ಅದು ನಡೆಯುವುದಿಲ್ಲ. 2014ರ ಮಧ್ಯದಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 100 ಡಾಲರ್ ದಾಟಿತ್ತು. 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗೆ ಇಳಿಯಿತು. ಅಂದರೆ ತೈಲ ತೀರಾ ಅಗ್ಗವಾಗಿದ್ದ ಕಾಲದಲ್ಲೇ ಇವರು ಹುಟ್ಟಿದರು, ಅದೇ ಕಾಲದಲ್ಲೇ ಹೋದರು. ಅದೂ ಅಲ್ಲದೆ 40 ಟನ್‌ಗಿಂತ ಕಡಿಮೆ ತೂಕದ ವಿಮಾನಕ್ಕೆ ಹಾಕುವ ಇಂಧನದ ಮೇಲೆ ಮಾರಾಟ ತೆರಿಗೆ ಕಡಿಮೆ. 80 ಸೀಟಿನ ಒಳಗಿನ ವಿಮಾನಕ್ಕೆ ಲ್ಯಾಂಡಿಂಗ್ ಶುಲ್ಕದಲ್ಲೂ ರಿಯಾಯಿತಿ. ಎಟಿಆರ್ ಎರಡಕ್ಕೂ ಹೊಂದುತ್ತದೆ.

ತೈಲ ಅಗ್ಗವಾದರೆ ದೊಡ್ಡವರಿಗೂ ಅಗ್ಗ. ಅವರೂ ಟಿಕೆಟ್ ಇಳಿಸುತ್ತಾರೆ. ಸಣ್ಣವನಿಗೆ ಉಳಿಯುವುದು ಅಷ್ಟರಲ್ಲೇ.

ಹಾಗಂತ ನಾನು ಗೋಕುಲ್ ರೋಡ್ ಅವರ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಮೂರು ವಿಮಾನದಲ್ಲಿ ಎಷ್ಟು ಊರು ಮಾಡಬಹುದು? ಹುಬ್ಬಳ್ಳಿ, ಬೆಳಗಾವಿ, ಕಡಪ, ಚೆನ್ನೈ, ತಿರುವನಂತಪುರ ಅಂತ ಹರಡಿಕೊಂಡರು. ಬೆಂಗಳೂರಿನಿಂದ ಎರಡೇ ಊರು ಇಟ್ಟುಕೊಂಡು, ದಿನಕ್ಕೆ ಮೂರು ಮೂರು ಸಲ ಹೋಗಿಬಂದಿದ್ದರೆ? ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರುವ ಹಾಗಿದ್ದರೆ ವ್ಯಾಪಾರದವರು ಹೆಚ್ಚು ಕೊಟ್ಟಾದರೂ ಬರುತ್ತಾರೆ. ದಿನಕ್ಕೆ ಒಂದೇ ಫ್ಲೈಟ್ ಇದ್ದರೆ ಅವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಪೆನ್ನಾರ್:

ಕಡಪದ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಆಗ ಕೆಲಸದ ಮೇಲೆ ಆ ಕಡೆ ಇದ್ದೆ. ಕಡಪ ಏರ್‌ಪೋರ್ಟ್ ಸಿದ್ಧವಾಗಿ, ವಿಮಾನ ಬರದೆ ಕಾಯುತ್ತಾ ಇತ್ತು. 2015ರ ಜೂನ್ 7ರಂದು ಉದ್ಘಾಟನೆ ಆಯಿತು. ಬೆಂಗಳೂರಿನಿಂದ ಬಂದ ಪೆಗಾಸಸ್ ವಿಮಾನವೇ ಅಲ್ಲಿನ ಮೊದಲ ಪ್ರಯಾಣಿಕರ ಹಾರಾಟ.

‘ಹರಡಿಕೊಂಡರು’ ಅಂತ ಈಗ ಹೇಳುವುದು ಸುಲಭ, ವಿಮಾನ ನೋಡುವವ ಅವರೇ. ಕಡಪದಂಥ ಊರಿಗೆ ಬೇರೆ ಯಾರು ಬರುತ್ತಿದ್ದರು? ದೊಡ್ಡ ಸಂಸ್ಥೆಯ 180 ಸೀಟಿನ ವಿಮಾನ ತುಂಬಿಸುವಷ್ಟು ಜನ ಆ ಊರಲ್ಲಿ ದಿನಾ ಇರುವುದಿಲ್ಲ. ಇಂಥ ಊರುಗಳಿಗಾಗಿಯೇ ಸಣ್ಣ ವಿಮಾನ ಇರುವುದು. ಆ ಊರನ್ನು ಬಿಟ್ಟರೆ ಸಣ್ಣ ಸಂಸ್ಥೆ ಯಾಕೆ ಬೇಕು ಅಂತಾಗುತ್ತದೆ.

ಶರಾವತಿ:

ನಾನು ಪ್ರಯಾಣಿಕಳಾಗಿ ಹೇಳುತ್ತೇನೆ. ಲೆಕ್ಕ ನನಗೆ ಬರುವುದಿಲ್ಲ.

ಕೆಲವು ವರ್ಷದ ಹಿಂದೆ ಅಮ್ಮನನ್ನು ಆಪರೇಷನ್‌ಗೆ ಬೆಂಗಳೂರಿಗೆ ಕರೆದುಕೊಂಡು ಹೋಗಬೇಕಿತ್ತು. ಸಂಸ್ಥೆಯ ಹೆಸರು ಬೇಡ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಅಮ್ಮನಿಗೆ ಬಿಸಿನೀರು ಕಾಯಿಸಿ, ಸ್ವೆಟರ್ ಹಾಕಿಸಿ, ಕಾರು ಬರಹೇಳಿದ್ದೆ. ಬಾಗಿಲಿಗೆ ಬೀಗ ಹಾಕುವಾಗ ಮೆಸೇಜ್ ಬಂತು, ಫ್ಲೈಟ್ ರದ್ದು ಅಂತ. ಕಾರಣ ಇಲ್ಲ, ಬದಲಿ ಫ್ಲೈಟ್ ಇಲ್ಲ. ಫೋನ್ ಮಾಡಿದರೆ ಎತ್ತುವವರಿಲ್ಲ. ಅದೇ ಕಾರಿನಲ್ಲಿ ಹೊರಟೆವು. ಅಮ್ಮ ಹಿಂದಿನ ಸೀಟಿನಲ್ಲಿ ದಿಂಬು ತಬ್ಬಿಕೊಂಡು ಮಲಗಿದ್ದರು. ಹಂಪ್ ಬಂದಾಗಲೆಲ್ಲ ಉಸಿರು ಬಿಗಿ ಹಿಡಿಯುವುದು ನನಗೆ ಕೇಳುತ್ತಿತ್ತು. ಡಾಕ್ಟರು ಕೊಟ್ಟ ಸಮಯ ತಪ್ಪಿಹೋಯಿತು, ಮರುದಿನ ಸಿಕ್ಕಿತು.

ಟಿಕೆಟ್ ದುಡ್ಡು ತಿಂಗಳುಗಟ್ಟಲೆ ಆದಮೇಲೆ ಬಂತು, ಅದು ಬೇರೆ ಮಾತು. ಆದರೆ ಅವತ್ತಿನಿಂದ ಸಣ್ಣ ವಿಮಾನ ಅಂದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ಒಂದು ಸಲ ಹೀಗಾದರೆ ನಮ್ಮಂಥವರು ಮತ್ತೆ ಬರುವುದಿಲ್ಲ ರೀ. ಬಸ್ಸು ಲೇಟಾದರೂ ಬರುತ್ತದೆ ಅನ್ನುವ ನಂಬಿಕೆ ಇರುತ್ತದೆ, ಅಲ್ವಾ?

ಬಾಡಿಗೆ ಲೆಕ್ಕ:

ಶರಾವತಿ ಮೇಡಂ, ನೀವು ಹೇಳಿದ್ದೇ ಲೆಕ್ಕದ ಮುಖ್ಯ ಭಾಗ. ಒಂದು ಫ್ಲೈಟ್ ರದ್ದಾದರೆ ಆ ದಿನದ ದುಡ್ಡು ಮಾತ್ರ ಹೋಗುವುದಿಲ್ಲ. ಮುಂದಿನ ತಿಂಗಳ ಬುಕಿಂಗ್ ಹೋಗುತ್ತದೆ. ಮುಂಗಡ ಬುಕಿಂಗ್ ದುಡ್ಡಿನಲ್ಲೇ ಇವತ್ತಿನ ಇಂಧನ, ಸಂಬಳ ನಡೆಯುತ್ತಿರುತ್ತದೆ. ಅದು ನಿಂತಾಗ ಇಂಧನ ಕಂಪನಿ ‘ಮೊದಲು ಕಾಸು, ಆಮೇಲೆ ಎಣ್ಣೆ’ ಅನ್ನುತ್ತದೆ. ಲೀಸ್ ಮಾಲೀಕರಿಗೂ ಸುದ್ದಿ ಮುಟ್ಟುತ್ತದೆ.

2015ರಲ್ಲಿ ನಿಯಮವೂ ಬದಲಾಗಿತ್ತು. ವಿಮಾನದ ಲೀಸ್ ಬಗ್ಗೆ ಕೇಪ್‌ಟೌನ್ ಒಪ್ಪಂದ ಅಂತ ಒಂದಿದೆ, ಭಾರತ ಅದಕ್ಕೆ 2008ರಲ್ಲಿ ಸೇರಿತು. ಅದಕ್ಕೆ ತಕ್ಕ ಹಾಗೆ 2015ರಲ್ಲಿ ವಿಮಾನ ನಿಯಮ ತಿದ್ದಿದರು. ಬಾಡಿಗೆ ಬರದಿದ್ದರೆ, ವಿಮಾನ ಕೊಡುವಾಗಲೇ ಬರೆಸಿಕೊಂಡ ಅಧಿಕಾರ ಪತ್ರ ಹಿಡಿದು ಮಾಲೀಕ ನೇರವಾಗಿ ವಿಮಾನಯಾನ ನಿಯಂತ್ರಕರಾದ ಡಿಜಿಸಿಎಗೆ ಹೋಗಬಹುದು. ಐದು ಕೆಲಸದ ದಿನದೊಳಗೆ ನೋಂದಣಿ ರದ್ದು. ಅದಕ್ಕೂ ಮೊದಲು ಕೋರ್ಟು, ವಾಯಿದೆ ಅಂತ ತಿಂಗಳುಗಟ್ಟಲೆ ಎಳೆಯುತ್ತಿತ್ತು. ಪೆಗಾಸಸ್ ಕಥೆಯೂ ಹೀಗೇ ಮುಗಿಯಿತು. ಬಾಡಿಗೆ ಬಾಕಿ ಆಯಿತು, ಮಾಲೀಕರು ವಿಮಾನ ವಾಪಸ್ ಕೇಳಿದರು, ಹಾರಾಟ ನಿಂತಿತು.

ಮಾಲೀಕರದ್ದು ತಪ್ಪು ಅನ್ನಲಾರೆ. ವಿಮಾನ ಅವರದು. ಬೇಗ ವಾಪಸ್ ಸಿಗುತ್ತದೆ ಅನ್ನುವ ಧೈರ್ಯ ಇದ್ದರೇ ಅವರು ನಮ್ಮ ದೇಶಕ್ಕೆ ಕಡಿಮೆ ಬಾಡಿಗೆಗೆ ಕೊಡುತ್ತಾರೆ.

ಗೋಕುಲ್ ರೋಡ್:

ಬಾಡಿಗೆ ಲೆಕ್ಕ ಸರ್, ನೀವು ಹೇಳಿದ್ದನ್ನು ಓದಿ ದಕ್ಷಿಣದ ಇನ್ನೆರಡು ಸಂಸ್ಥೆ ನೆನಪಾದವು. ಪ್ಯಾರಮೌಂಟ್ ಏರ್‌ವೇಸ್ ತಮಿಳುನಾಡಿನದು. 2005ರಲ್ಲಿ ಶುರು, ಎಂಬ್ರೇಯರ್ ಜೆಟ್, ಒಳ್ಳೆ ಸೀಟು, ಒಳ್ಳೆ ಊಟ ಅಂತ ಹೆಸರು ಮಾಡಿತ್ತು. ಲೀಸ್ ಮಾಲೀಕರ ಜೊತೆ ಜಗಳವಾಗಿ ವಿಮಾನಗಳು ಕೈಬಿಟ್ಟವು, 2010ಕ್ಕೆ ಮುಗಿಯಿತು. ಏರ್ ಕೋಸ್ಟಾ ವಿಜಯವಾಡದ್ದು. 2013ರ ಅಕ್ಟೋಬರ್‌ನಲ್ಲಿ ಶುರು, 2017ರ ಫೆಬ್ರವರಿ ಕೊನೆಗೆ ಬಂದ್. ಅಲ್ಲೂ ಲೀಸ್ ಬಾಕಿಯೇ. ಮೂರು ರಾಜ್ಯ, ಮೂರು ಸಂಸ್ಥೆ, ಮೂರೂ ಎಡವಿದ್ದು ಒಂದೇ ಮೆಟ್ಟಿಲಲ್ಲಿ.

ಇನ್ನೊಂದು ಸಂಕಟದ ವಿಷಯ. ಕೇಂದ್ರ ಸರ್ಕಾರ ಹೊಸ ವಿಮಾನಯಾನ ನೀತಿ ಹೊರಡಿಸಿದ್ದು 2016ರ ಜೂನ್ 15ಕ್ಕೆ. ಸಣ್ಣ ಊರಿಗೆ ಹಾರಿದರೆ ನಷ್ಟ ತುಂಬಿಕೊಡುತ್ತೇವೆ ಅನ್ನುವ ಮಾತು ಅದರಲ್ಲಿತ್ತು, ಅದೇ ಮುಂದೆ ಉಡಾನ್ ಆಯಿತು. ಅಲ್ಲಿಂದ ಸರಿಯಾಗಿ ಆರು ವಾರಕ್ಕೆ ಪೆಗಾಸಸ್ ನಿಂತಿತು. ಉಡಾನ್‌ನ ಮೊದಲ ಫ್ಲೈಟ್ ಶಿಮ್ಲಾದಿಂದ ದೆಹಲಿಗೆ ಹಾರಿದ್ದು 2017ರ ಏಪ್ರಿಲ್ 27ಕ್ಕೆ. ಇನ್ನೊಂಬತ್ತು ತಿಂಗಳು ಹೇಗಾದರೂ ಉಸಿರು ಹಿಡಿದಿದ್ದರೆ ಅಂತ ಅನಿಸುತ್ತದೆ.

ವಿಮಾನ ನೋಡುವವ:

ಉಡಾನ್ ಬಂದಿದ್ದರೆ ಉಳಿಯುತ್ತಿತ್ತು ಅನ್ನುವುದನ್ನು ನಾನು ಒಪ್ಪಲ್ಲ. 2023ರ ಸಿಎಜಿ ವರದಿ ಓದಿ. ಉಡಾನ್‌ನ ಮೂರನೇ ಸುತ್ತಿನವರೆಗೆ 774 ಮಾರ್ಗ ಹಂಚಿದರು. 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷದ ಅವಧಿ ಮುಗಿಸಿದ್ದು 112. ನೆರವು ನಿಂತ ಮೇಲೂ ನಡೆದದ್ದು 54. ಹೈದರಾಬಾದಿನ ಟ್ರೂಜೆಟ್ ಶುರುವಾದದ್ದು ಪೆಗಾಸಸ್ ಬಂದ ಮೂರು ತಿಂಗಳಿಗೆ, ಅದೂ ಎಟಿಆರ್ 72 ಇಟ್ಟುಕೊಂಡು. ಉಡಾನ್ ನೆರವೂ ಸಿಕ್ಕಿತು. ನಮ್ಮ ಮೈಸೂರಿಗೆ, ಬೀದರ್‌ಗೆ ಬಂತು. ಆದರೂ 2022ರ ಫೆಬ್ರವರಿಯಲ್ಲಿ ನಿಂತಿತು.

ಪೆನ್ನಾರ್:

ಟ್ರೂಜೆಟ್ ಆರೂವರೆ ವರ್ಷ ಹಾರಿತು. ಪೆಗಾಸಸ್ ಹದಿನೈದು ತಿಂಗಳು. ನೆರವಿನಿಂದ ಏನೂ ಆಗುವುದಿಲ್ಲ ಅಂತ ನೀವು ಹೇಳಬೇಕು ಅಂದರೆ ಈ ಐದು ವರ್ಷದ ವ್ಯತ್ಯಾಸಕ್ಕೆ ಉತ್ತರ ಕೊಡಬೇಕು. ನಡುವೆ ಕೊರೊನಾ ಬೇರೆ ಬಂತು.

ವಿಮಾನ ನೋಡುವವ:

ಆಯಿತು, ಅದನ್ನು ಒಪ್ಪಿದೆ. ಆಯಸ್ಸು ಉದ್ದ ಮಾಡುತ್ತದೆ. ಆದರೆ ನೆರವು ಬರುವುದು ಹಾರಿದ ಮೇಲೆ. ಹಾರುವುದಕ್ಕೆ ಮೊದಲು ಬೇಕಾಗುವ ದುಡ್ಡು ಸ್ವಂತದ್ದೇ ಆಗಬೇಕು.

ಶರಾವತಿ:

ಏರ್ ಡೆಕ್ಕನ್ ಬಗ್ಗೆ ಯಾರೂ ಯಾಕೆ ಮಾತಾಡುತ್ತಿಲ್ಲ? ಅದೂ ನಮ್ಮದೇ ಅಲ್ವಾ. ಅವರಿಗೆ ದುಡ್ಡು ಹೇಗೆ ಹೊಂದಿತು?

ಗೋಕುಲ್ ರೋಡ್:

ಮೇಡಂ, ಡೆಕ್ಕನ್ ಕಥೆ ಬೇರೆ, ಆದರೆ ಅದರ ಮೊದಲ ಹೆಜ್ಜೆ ನಮ್ಮ ಊರಲ್ಲೇ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು ಮೊದಲು ಹೆಲಿಕಾಪ್ಟರ್ ಕಂಪನಿ ನಡೆಸುತ್ತಿದ್ದರು. 2003ರ ಆಗಸ್ಟ್‌ನಲ್ಲಿ ಸಣ್ಣ ಎಟಿಆರ್ 42 ಹಿಡಿದು ಬೆಂಗಳೂರು–ಹುಬ್ಬಳ್ಳಿ ಶುರು ಮಾಡಿದರು. ಆದರೆ ಅವರು ಸಣ್ಣದಾಗಿ ಉಳಿಯಲಿಲ್ಲ. ಬೇಗ ಬೇಗ ಏರ್‌ಬಸ್ ತಂದರು, ದೇಶವೆಲ್ಲ ಹಬ್ಬಿದರು, ಒಂದು ರೂಪಾಯಿ ಟಿಕೆಟ್ ಕೊಟ್ಟರು, 2006ರಲ್ಲಿ ಷೇರು ಮಾರಿ ದುಡ್ಡು ಎತ್ತಿದರು. ಅಷ್ಟಾದರೂ ನಷ್ಟ ನಿಲ್ಲಲಿಲ್ಲ. 2007ರಲ್ಲಿ ವಿಜಯ್ ಮಲ್ಯ ಅವರ ಗುಂಪು ಪಾಲು ಕೊಂಡಿತು. 2008ರಲ್ಲಿ ಡೆಕ್ಕನ್ ಹೆಸರು ಹೋಗಿ ಕಿಂಗ್‌ಫಿಷರ್ ರೆಡ್ ಆಯಿತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಕೂಡ ನೆಲಕ್ಕಿಳಿಯಿತು.

ಆಗ ಐದು ವರ್ಷ ಹಾರಿರಬೇಕು, 20 ವಿಮಾನ ಇರಬೇಕು, ಆಗಲೇ ವಿದೇಶಕ್ಕೆ ಹಾರಬಹುದು ಅಂತ ನಿಯಮ ಇತ್ತು. 2005ರಲ್ಲಿ ಶುರುವಾದ ಕಿಂಗ್‌ಫಿಷರ್‌ಗೆ ಐದು ವರ್ಷ ಆಗಿರಲಿಲ್ಲ, ಡೆಕ್ಕನ್‌ಗೆ 2008ರ ಆಗಸ್ಟ್‌ಗೆ ಆಯಿತು. ಡೆಕ್ಕನ್ ಬೆಲೆ ಬಾಳಿದ್ದರಲ್ಲಿ ಆ ಐದು ವರ್ಷಕ್ಕೂ ದೊಡ್ಡ ಪಾಲಿತ್ತು. ಹುಬ್ಬಳ್ಳಿಯಿಂದ ಎಣಿಕೆ ಶುರುವಾದ ವರ್ಷಗಳು ಬೆಂಗಳೂರು–ಲಂಡನ್ ಹಾರಾಟಕ್ಕೆ ಕೆಲಸಕ್ಕೆ ಬಂದವು. ನಮಗೆ ಸಿಕ್ಕಿದ್ದು ಖಾಲಿ ರನ್‌ವೇ. ಇದು ನನಗೆ ಇವತ್ತಿಗೂ ನೋವು.

ನೆಲದ ಕೆಲಸ:

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನಾನು ಎಟಿಆರ್ ಕೆಳಗೆ ನಿಂತು ಕೆಲಸ ಮಾಡಿದವನು. ಪೆಗಾಸಸ್‌ನಲ್ಲಲ್ಲ, ಇನ್ನೊಂದು ಸಣ್ಣ ಸಂಸ್ಥೆಯಲ್ಲಿ. ಹೆಸರು ಹೇಳುವುದಿಲ್ಲ.

ಎಟಿಆರ್‌ಗೆ ಜನ ಹತ್ತುವುದು ಹಿಂದಿನ ಬಾಗಿಲಿನಿಂದ. ಲಗೇಜಿನ ದೊಡ್ಡ ಜಾಗ ಇರುವುದು ಮುಂದೆ, ಪೈಲಟ್ ಹಿಂದುಗಡೆ. ಎಲ್ಲರೂ ಒಟ್ಟಿಗೆ ಹಿಂದೆ ಗುಂಪಾದರೆ ಮೂಗು ಮೇಲೆದ್ದು ಬಾಲ ನೆಲಕ್ಕೆ ತಾಗಬಹುದು. ಅದಕ್ಕೆ ವಿಮಾನ ಬಂದು ನಿಂತ ಕೂಡಲೇ ಬಾಲದ ಕೆಳಗೆ ಒಂದು ಕಂಬ ಕೊಡುತ್ತೇವೆ. ಹೊರಡುವ ಮೊದಲು ಅದನ್ನು ತೆಗೆದು, ಪೈಲಟ್‌ಗೆ ಕಾಣುವ ಹಾಗೆ ಕೈ ತೋರಿಸಬೇಕು. ಇನ್ನೊಂದು ವಿಶೇಷ ಅಂದರೆ, ಬಲಗಡೆ ಎಂಜಿನ್ ಓಡುತ್ತಿರುತ್ತದೆ, ಆದರೆ ಅದರ ಫ್ಯಾನ್‌ಗೆ ಬ್ರೇಕ್ ಹಾಕಿ ನಿಲ್ಲಿಸಿರುತ್ತಾರೆ. ಕರೆಂಟು, ಎಸಿ ಅದರಿಂದಲೇ. ಹೊರಗಿನಿಂದ ಕರೆಂಟ್ ಗಾಡಿ ತರಲು ಆಗದ ಸಣ್ಣ ಏರ್‌ಪೋರ್ಟ್‌ನಲ್ಲೂ ಹಾಗಾಗಿ ಕೆಲಸ ನಡೆಯುತ್ತದೆ. ಸಣ್ಣ ಊರಿಗಂತಲೇ ಮಾಡಿದ ವಿಮಾನ ಅದು. ಅದರ ಮೇಲೆ ನನಗೆ ತುಂಬಾ ಪ್ರೀತಿ.

ಸಂಸ್ಥೆ ಮುಳುಗುವುದು ನಮಗೆ ಮೊದಲು ಗೊತ್ತಾಗುತ್ತದೆ, ಪೇಪರ್‌ನವರಿಗೆ ಆಮೇಲೆ. ಮೊದಲು ಸಂಬಳ ಏಳನೇ ತಾರೀಕಿಗೆ ಹೋಯಿತು, ಆಮೇಲೆ ಹದಿನೈದಕ್ಕೆ. ನಂತರ ಬಿಡಿಭಾಗ ಬರುವುದು ನಿಂತಿತು. ಒಂದು ವಿಮಾನ ಮೂಲೆಯಲ್ಲಿ ನಿಲ್ಲಿಸಿ, ಅದರಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಲು ಶುರು ಮಾಡಿದರು. ಅದಕ್ಕೆ ಕಾಗದಪತ್ರ ಎಲ್ಲ ಸರಿ ಇರುತ್ತದೆ, ಅಪಾಯ ಅಂತ ಅಲ್ಲ. ಆದರೆ ಮೂಲೆಯ ವಿಮಾನ ಮತ್ತೆ ಏಳುವುದಿಲ್ಲ ಅಂತ ನಮಗೆಲ್ಲ ಗೊತ್ತಿತ್ತು. ಎಂಜಿನ್ ಬಾಯಿಗೆ ಕೆಂಪು ಮುಚ್ಚಳ ಹಾಕಿದ್ದೆವು. ಮಳೆಗಾಲ ಮುಗಿಯುವ ಹೊತ್ತಿಗೆ ಅದು ಬಿಳಚಿಕೊಂಡು ಗುಲಾಬಿ ಬಣ್ಣಕ್ಕೆ ತಿರುಗಿತ್ತು.

ರದ್ದಾದಾಗ ಬೈಗುಳ ತಿಂದವರು ಕೌಂಟರ್‌ನಲ್ಲಿದ್ದ ಹುಡುಗಿಯರು. ಅವರಿಗೂ ಮೂರು ತಿಂಗಳಿಂದ ಸಂಬಳ ಬಂದಿರಲಿಲ್ಲ. ಶರಾವತಿ ಅಕ್ಕ, ಫೋನ್ ಎತ್ತದೆ ಇದ್ದವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ. ಎತ್ತಿದರೆ ಹೇಳಲು ಅವರ ಬಳಿ ಏನೂ ಇರುವುದಿಲ್ಲ.

ಶರಾವತಿ:

ತಮ್ಮಾ, ನೀನು ಕ್ಷಮೆ ಕೇಳಬೇಕಾಗಿಲ್ಲ. ಈ ಕಡೆ ಹೀಗೆಲ್ಲ ಇರುತ್ತದೆ ಅಂತ ಗೊತ್ತೇ ಇರಲಿಲ್ಲ. ಬಾಕಿ ಸಂಬಳ ಬಂತಾ?

ನೆಲದ ಕೆಲಸ:

ಒಂದು ತಿಂಗಳದ್ದು ಬಂತು ಅಕ್ಕ. ಉಳಿದದ್ದು ಬರಲಿಲ್ಲ. ಈಗ ಬೇರೆ ಕಡೆ ಇದ್ದೇನೆ, ಚೆನ್ನಾಗಿದ್ದೇನೆ.

ಬಾಡಿಗೆ ಲೆಕ್ಕ:

ನೆಲದ ಕೆಲಸ ಅವರ ಪೋಸ್ಟ್ ಓದಿದ ಮೇಲೆ ನನ್ನದೊಂದು ತಿದ್ದುಪಡಿ. ವಿಮಾನ ನಿಂತರೆ ಮೂರರಲ್ಲಿ ಒಂದು ಪಾಲು ಹೋಗುತ್ತದೆ ಅಂದಿದ್ದೆ. ಅದಕ್ಕಿಂತ ಜಾಸ್ತಿ. ನಿಂತ ವಿಮಾನದ ಫ್ಲೈಟ್‌ಗಳನ್ನು ಉಳಿದ ಎರಡರ ಮೇಲೆ ಹೇರುತ್ತಾರೆ, ಅವೂ ಲೇಟಾಗುತ್ತವೆ. ಲೈಸೆನ್ಸ್ ಕೊಡುವಾಗ ಎಷ್ಟು ವಿಮಾನ ಇದೆ ಅಂತ ಕೇಳುತ್ತಾರಲ್ಲ, ಅದರ ಜೊತೆ ಆರು ತಿಂಗಳ ಬಾಡಿಗೆ, ಆರು ತಿಂಗಳ ಸಂಬಳ ಮುಟ್ಟದೆ ಬೇರೆ ಖಾತೆಯಲ್ಲಿ ಇದೆಯಾ ಅಂತಲೂ ನೋಡಬೇಕು. ಪ್ರಯಾಣಿಕರ ಮುಂಗಡ ದುಡ್ಡನ್ನು ಹಾರುವ ತನಕ ಬೇರೆ ಇಡಬೇಕು.

ಪೆನ್ನಾರ್:

ಹಾಗೆ ಮಾಡಿದರೆ ಸಣ್ಣವರು ಯಾರೂ ಬರುವುದೇ ಇಲ್ಲ ಸರ್.

ಬಾಡಿಗೆ ಲೆಕ್ಕ:

ಕಡಿಮೆ ಜನ ಬರುತ್ತಾರೆ. ಬಂದವರು ಉಳಿಯುತ್ತಾರೆ. ನಮ್ಮ ಕಣ್ಣ ಮುಂದೆಯೇ ಇದೆಯಲ್ಲ, ಸ್ಟಾರ್ ಏರ್. 2019ರ ಜನವರಿಯಲ್ಲಿ ಶುರು ಮಾಡಿದರು, ಅದೂ ಬೆಂಗಳೂರು–ಹುಬ್ಬಳ್ಳಿಯಿಂದಲೇ. 50 ಸೀಟಿನ ಎಂಬ್ರೇಯರ್ ಜೆಟ್, ನಿಧಾನವಾಗಿ ಹೆಜ್ಜೆ ಇಟ್ಟರು. ಹಿಂದೆ ಬೇರೆ ವ್ಯಾಪಾರ ಇರುವ ದೊಡ್ಡ ಗುಂಪು ನಿಂತಿದೆ. ಉಡಾನ್ ನೆರವೂ ಇತ್ತು. ಎರಡೂ ಇದ್ದದ್ದರಿಂದ ಕೊರೊನಾ ದಾಟಿದರು.

ಗೋಕುಲ್ ರೋಡ್:

ಡೆಕ್ಕನ್, ಪೆಗಾಸಸ್, ಸ್ಟಾರ್ ಏರ್. ಮೂವರೂ ಮೊದಲು ಹಾರಿದ್ದು ಹುಬ್ಬಳ್ಳಿಗೆ. ಬರೆಯುವಾಗ ನನಗೂ ಇದು ಹೊಳೆದಿರಲಿಲ್ಲ.

ಹೊಸಬ:

ನಮಸ್ಕಾರ. ನನಗೆ 22 ವರ್ಷ. ಒಂದು ಸಣ್ಣ ಸಂಸ್ಥೆಯಲ್ಲಿ ರ‍್ಯಾಂಪ್ ಕೆಲಸಕ್ಕೆ ಕರೆದಿದ್ದಾರೆ. ಇದನ್ನೆಲ್ಲ ಓದಿ ಭಯ ಆಗ್ತಿದೆ. ನೆಲದ ಕೆಲಸ ಅಣ್ಣ, ಸೇರಬಹುದಾ?

ನೆಲದ ಕೆಲಸ:

ಸೇರು. ಕೆಲಸ ಕಲಿಯಲು ಸಣ್ಣ ಸಂಸ್ಥೆಯೇ ಒಳ್ಳೆಯದು. ದೊಡ್ಡ ಕಡೆ ವರ್ಷಗಟ್ಟಲೆ ಒಂದೇ ಕೆಲಸ ಮಾಡಿಸುತ್ತಾರೆ, ಇಲ್ಲಿ ಎಲ್ಲ ಕಲಿಯುತ್ತೀಯ. ಆದರೆ ಮೊದಲು ಅಲ್ಲಿ ಕೆಲಸ ಮಾಡುವ ಯಾರನ್ನಾದರೂ ಹಿಡಿದು ಕೇಳು. ಸಂಬಳ ಯಾವ ತಾರೀಕಿಗೆ ಬರುತ್ತದೆ, ಕಳೆದ ಆರು ತಿಂಗಳಲ್ಲಿ ತಾರೀಕು ಬದಲಾಗಿದೆಯಾ, ಹಾರದೆ ನಿಂತಿರುವ ವಿಮಾನ ಎಷ್ಟು. ಸೇರಿದ ಮೇಲೆ ಪ್ರತಿ ತಿಂಗಳು ಪಿಎಫ್ ಪಾಸ್‌ಬುಕ್ ತೆಗೆದು ನೋಡು. ಸಂಬಳದಲ್ಲಿ ಹಿಡಿದದ್ದು ಅಲ್ಲಿ ಜಮಾ ಆಗದಿದ್ದರೆ ಆವತ್ತೇ ಬೇರೆ ಕೆಲಸ ಹುಡುಕಲು ಶುರು ಮಾಡು. ಯಾವ ವಿಮಾನ ಅಂತೆ?

ಹೊಸಬ:

ಎಟಿಆರ್ ಅಂತ ಹೇಳಿದ್ದಾರೆ ಅಣ್ಣ.

ನೆಲದ ಕೆಲಸ:

ಹಾಗಾದರೆ ಇನ್ನೊಂದು ಮಾತು. ಇಳಿಯುವವರೆಲ್ಲ ಇಳಿದು, ಹತ್ತುವವರೆಲ್ಲ ಹತ್ತಿ ಕೂರುವ ತನಕ ಬಾಲದ ಕಂಬಕ್ಕೆ ಕೈ ಹಾಕಬೇಡ. ಯಾರು ಎಷ್ಟೇ ಅವಸರ ಮಾಡಲಿ.